ಅವ್ವನ ಹಾಡಿದ್ದ ಹನ್ನೆರಡನೇ ಫೋಲ್ಡರು

ಹೋದ ತಿಂಗಳು ನಾಗಮಂಗಲದಿಂದ ಚಿಕ್ಕಣ್ಣ ಫೋನು ಮಾಡಿದ್ದ. ಅಲ್ಲಿ ಬಹಳ ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದವನು.

“ಏನ್ಲಾ ಕುಮಾರ, ಅಂಗಡಿ ಮುಚ್ತಾ ಇವ್ನಿ ಕಣ್ಲಾ. ನಿನ್ ತಂಗಿದೊಂದು ಕಂಪ್ಯೂಟ್ರು ಇಲ್ಲೇ ಬಿದ್ದದೆ. ಗುಜರಿಗೆ ಆಕ್ಬುಡ್ಲಾ, ಬಂದು ತಗಂಡೋಯ್ತೀಯಾ?”

“ಸವಿತನ್ನ ಕೇಳ್ಲಿಲ್ವಾ?”

“ಕೇಳ್ದೆ. ಅಣ್ಣಂಗೆ ಕೊಟ್ಬುಡು ಮಾವ ಅಂದ್ಲು.”

ಏಳು ವರ್ಷದಲ್ಲಿ ನನ್ನ ತಂಗಿ ನನ್ನನ್ನು ಅಣ್ಣ ಅಂದದ್ದು, ಅದೂ ಬೇರೆಯವರ ಹತ್ತಿರ, ಅದೊಂದೇ ಸಲ. ಮಾರನೇ ದಿನ ಬೈಕು ಹತ್ತಿ ನಾಗಮಂಗಲಕ್ಕೆ ಹೋದೆ. ಕೆಲಸ ಮಾಡುತ್ತದೋ ಇಲ್ಲವೋ ನೋಡೋಣ ಅಂತ ಚಿಕ್ಕಣ್ಣ ವೈರು ಸಿಕ್ಕಿಸಿದ. ಫ್ಯಾನು ಗೊರಗುಟ್ಟಿತು. ಹಿಂದಿನ ತೂತಿನಿಂದ ಸುಟ್ಟ ಧೂಳಿನ ವಾಸನೆ ಬಂತು. ಏಳು ವರ್ಷದ ಹಿಂದೆ ಸಂಕ್ರಾಂತಿಯಿಂದ ಆಷಾಢದ ತನಕ ಪಾಂಡವಪುರದ ನನ್ನ ಅಂಗಡಿಯ ತುಂಬ ಇದ್ದದ್ದು ಇದೇ ವಾಸನೆ. ನಾನು ಸ್ಟೂಲು ಎಳೆದುಕೊಂಡು ಪರದೆ ಮುಂದೆ ಕೂತೆ.

ನಾನು ಓದಿದ್ದು ಏಳನೇ ಕ್ಲಾಸು. ಅಪ್ಪ ಸತ್ತಾಗ ಸವಿತಾ ಇನ್ನೂ ಅಂಗನವಾಡಿ. ಒಬ್ಬರು ಬಿಡಬೇಕಿತ್ತು, ನಾನು ಬಿಟ್ಟೆ. ಸ್ಟುಡಿಯೋ ಒಂದರಲ್ಲಿ ಲೈಟು ಹಿಡಿದು, ಆಮೇಲೆ ಕ್ಯಾಮೆರಾ ಹಿಡಿದು, ಕೊನೆಗೆ ಸ್ವಂತ ಅಂಗಡಿ ಮಾಡಿದೆ. ಅವಳು ಓದಿದಳು. ಎಂ.ಸಿ.ಎ. ಕಡೇ ವರ್ಷಕ್ಕೆ ಬಂದಾಗ ಏನಾದರೂ ಹೊಸದು ಮಾಡಿ ತೋರಿಸಬೇಕು, ಅದಕ್ಕೆ ಮಾರ್ಕು ಅಂತ ಹೇಳಿದಳು. ಕಾಲೇಜಿಗೆ ರಜಾ ಇದ್ದಾಗ ಅಂಗಡಿಗೆ ಬಂದು ಕೂರುತ್ತಿದ್ದಳು. ಅಲ್ಲೇ ಅವಳಿಗೆ ಹೊಸದು ಸಿಕ್ಕಿತು.

ಮದುವೆ ವಿಡಿಯೋದಲ್ಲಿ ನಾವು ಮೊದಲು ತೆಗೆದುಹಾಕುವುದು ಮುದುಕಿಯರ ಸೋಬಾನೆ. ಅರಿಶಿನ ಹಚ್ಚುವಾಗ, ಧಾರೆ ಎರೆಯುವಾಗ, ಹೆಣ್ಣೊಪ್ಪಿಸುವಾಗ ಅವರು ಕೂತು ಹಾಡುತ್ತಾರೆ. ನಾವು ಆ ಸದ್ದು ಕಿತ್ತು ಸಿನಿಮಾ ಹಾಡು ಕೂರಿಸುತ್ತೇವೆ. ಒಂದು ದಿನ ನಾನು ಹಾಗೆ ಕೀಳುತ್ತಿದ್ದಾಗ ಸವಿತಾ ನನ್ನ ಕೈ ಹಿಡಿದಳು.

“ತಡಿಯಣ್ಣಾ. ಈ ಅಜ್ಜಿ ಯಾರು?”

“ಯಾವಳೋ. ಗಂಡಿನ ಕಡೆಯೋಳು.”

“ಇಂಥ ಎಷ್ಟು ಅಜ್ಜೀರ್ನ ಕಿತ್ತಾಕಿದೀಯಾ?”

“ನೂರಾರು” ಅಂದು ನಕ್ಕೆ.

ಅವಳು ನಗಲಿಲ್ಲ. ಮಾರನೇ ವಾರದಿಂದ ನಾಲ್ಕೂರು ತಿರುಗತೊಡಗಿದಳು. ನಮ್ಮ ಕಸುಬಿನಲ್ಲಿ ಒಂದು ಮದುವೆ ಒಂದೇ ಕಡೆ ಇರುವುದಿಲ್ಲ. ಹೆಣ್ಣಿನ ಕಡೆ ಫೋಟೋ ಶ್ರೀರಂಗಪಟ್ಟಣದ ಅನ್ವರ್ ಭಾಯಿಯದಾದರೆ, ಗಂಡಿನ ಕಡೆ ವಿಡಿಯೋ ನನ್ನದು, ಡ್ರೋನು ಕೆ.ಆರ್. ಪೇಟೆಯ ಹುಡುಗರದು, ಬೀಗರೂಟ ಚಿಕ್ಕಣ್ಣನದು. ಒಬ್ಬ ಅಜ್ಜಿಯ ಮುಖ ಒಂದೂರಿನ ಡಿಸ್ಕಿನಲ್ಲಿ, ಅವಳ ದನಿ ಇನ್ನೊಂದೂರಿನ ಡಿಸ್ಕಿನಲ್ಲಿ. ಎಲ್ಲವನ್ನೂ ತಂದು ಒಂದೇ ಕಡೆ ಸುರಿಯುವಷ್ಟು ದೊಡ್ಡ ಯಂತ್ರ ಅವಳ ಹತ್ತಿರ ಇರಲಿಲ್ಲ. ಅದಕ್ಕೆ ಅವಳು ಬೇರೆ ದಾರಿ ಹಿಡಿದಳು. ವಿಡಿಯೋ, ಫೋಟೋ ಎಲ್ಲಿವೆಯೋ ಅಲ್ಲೇ ಇರಲಿ. ಯಾರು, ಯಾವ ಹಾಡು, ಯಾವ ಮದುವೆ, ಯಾವ ಡಿಸ್ಕಿನ ಎಷ್ಟನೇ ಫೋಲ್ಡರು, ಎಷ್ಟನೇ ನಿಮಿಷ, ಇಷ್ಟು ಮಾತ್ರ ಅವಳ ಡೇಟಾಬೇಸಿನಲ್ಲಿ. ಹೆಸರು ಒತ್ತಿದರೆ ಅದು ಆ ಡಿಸ್ಕಿಗೆ ಹೋಗಿ ಅದೇ ನಿಮಿಷದಿಂದ ಹಾಡಿಸಬೇಕು.

ನನಗೆ ಅರ್ಥವಾಗುವ ಹಾಗೆ ಒಂದು ಸಲ ಹೇಳಿದಳು. “ರಿಜಿಸ್ಟ್ರಿನಲ್ಲಿ ಗೆರೆ ಹೊಡೆದ್ರೆ ಎಲ್ರೂ ಅವೇ ಕೋಣೆ ತುಂಬ್ಬೇಕು ಕಣಣ್ಣಾ. ಫೋಟೋ ಇಲ್ದೋಳ ಮುಂದೆ ಫೋಟೋ ಕೋಣೆ ಖಾಲಿ ಬಿದ್ದಿರ್ತದೆ. ನಂದು ಅಂಗಲ್ಲ. ಒಬ್ಬೊಬ್ರಿಗೂ ಒಂದೊಂದು ಮನೆ. ಏನು ಅದೆಯೋ ಅಷ್ಟಕ್ಕೇ ಕೋಣೆ. ನಾಳೆ ಶೀಳನೆರೆ ಅಜ್ಜಿ ಹಾಡ್ತಾ ಹಾಡ್ತಾ ಕುಣಿದ್ಲು ಅಂದ್ರೆ ಅವಳ ಮನೆಗೆ ಮಾತ್ರ ಒಂದು ಕೋಣೆ ಕಟ್ತೀನಿ. ಬ್ಯಾರೆ ಯಾರ ಗೋಡೆನೂ ಒಡಿಯಂಗಿಲ್ಲ.”

“ಖಾಲಿ ಕೋಣೆ?”

“ಇಲ್ಲದ್ದಕ್ಕೆ ಕೋಣೆ ಕಟ್ಟಲ್ಲ.”

ಇದರ ಜೊತೆಗೆ ನಾಲ್ಕೂ ಸ್ಟುಡಿಯೋದವರಿಗೆ ಒಂದೇ ಒಂದು ಷರತ್ತು ಹಾಕಿದಳು. ಒಮ್ಮೆ ಕೊಟ್ಟ ನಂಬರು ಇನ್ನೊಂದಕ್ಕೆ ಕೊಡಬಾರದು. ನಾವು ಮಾಡುತ್ತಿದ್ದದ್ದು ಅದಕ್ಕೆ ಉಲ್ಟಾ. ಒಂದು ಡಿಸ್ಕಿಗೆ ಇಪ್ಪತ್ತು ಫೋಲ್ಡರು. ಆಲ್ಬಮ್ಮು, ವಿಡಿಯೋ ಮನೆಯವರ ಕೈ ಸೇರಿತೋ, ಫೋಲ್ಡರಿನಲ್ಲಿದ್ದದ್ದು ಅಳಿಸಿ ಅದೇ ನಂಬರಿನೊಳಗೆ ಹೊಸ ಮದುವೆ. ಸಿನಿಮಾ ಹಾಡು ಕೂರಿಸುವ ಮೊದಲು ಜೋಡಿಸಿಟ್ಟ ವಿಡಿಯೋಗೆ ಎಲ್ಲ ಫೋಲ್ಡರಿನಲ್ಲೂ ಒಂದೇ ಹೆಸರು, ‘ಫುಲ್’. ಹೆಸರಿಡುವ ತಾಪತ್ರಯವೇ ಇಲ್ಲ.

“ಇಪ್ಪತ್ತು ಆದ್ಮೇಲೆ ಇಪ್ಪತ್ತೊಂದು ಕೊಡು. ಹಳೇದು ಅಳಿಸ್ಲೇಬೇಕು ಅಂದ್ರೆ ನಂಗೊಂದು ಮಾತು ಯೋಳಿ ಅಳ್ಸು. ಆದ್ರೆ ಆ ನಂಬರು ಖಾಲಿ ಬುಟ್ಬುಡು” ಅಂದಳು.

“ನಂಬ್ರ ಏನು ನಮ್ಮಪ್ಪನ ಮನೇದಾ, ಅಂಗೆ ದಂಡ ಮಾಡಕ್ಕೆ?”

“ಈ ಲೋಕದಲ್ಲಿ ಪುಕ್ಸಟ್ಟೆ ಸಿಗೋದು ಅದೊಂದೇ ಕಣಣ್ಣಾ. ಎಷ್ಟು ಬೇಕಾದ್ರೂ ಎಣಿಸ್ಕೋ.”

ಅಂಗಡಿಯ ಗೋಡೆಗೆ ಆ ಷರತ್ತನ್ನೇ ಬರೆದು ಅಂಟಿಸಿದಳು. ಅನ್ವರ್ ಭಾಯಿ ಓದಿ, “ಬೇಟಿ, ಇದು ನಮ್ ಖಬರಸ್ತಾನ್ ರೂಲ್ ಇದ್ದಂಗೈತಲ್ಲ, ಒಬ್ರ ಗೋರಿ ಇನ್ನೊಬ್ರಿಗಿಲ್ಲ” ಅಂತ ನಕ್ಕ. ಆದರೂ ಒಪ್ಪಿಕೊಂಡ. ಎಲ್ಲರೂ ಒಪ್ಪಿಕೊಂಡರು. ನಾನೂ ತಲೆಯಾಡಿಸಿದೆ.

ಅವ್ವನ ವಿಷಯ ಈಗ ಬರೆಯಬೇಕು. ಅವ್ವ ಕೆಂಪಮ್ಮ ಶೀಳನೆರೆ ಕಡೆಯ ಹೆಣ್ಣು. ಅವಳು ಬಾಯಿ ತೆಗೆದರೆ ಉಳಿದ ಹೆಂಗಸರು ಸೊಲ್ಲು ಮರೆತು ಕೇಳುತ್ತಿದ್ದರು. ಹಿಂದಿನ ದೀಪಾವಳಿಯಲ್ಲಿ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಬುದ್ಧಿ ಪೂರ್ತಿ ಇತ್ತು. ಮಂಚದ ಮೇಲೆ ಕೂತು ನಮ್ಮ ಬಾಯನ್ನೇ ನೋಡುತ್ತಿದ್ದಳು.

ಸೋದರಮಾವನ ಮಗಳ ಮದುವೆಗೆ ನಾನೇ ಕ್ಯಾಮೆರಾ ಹಿಡಿದಿದ್ದೆ. ಮಾವನ ಮನೆಗೆ ಕೊಟ್ಟದ್ದರಲ್ಲಿ ಸಿನಿಮಾ ಹಾಡು ಕೂರಿಸಿದ್ದೆ, ಅವ್ವನ ದನಿ ಉಳಿದಿದ್ದದ್ದು ನನ್ನ ಡಿಸ್ಕಿನಲ್ಲಿ ಮಾತ್ರ. ಸವಿತಾ ಅದನ್ನು ಹುಡುಕಿ ತೆಗೆದಳು. ನನ್ನ ನಾಲ್ಕನೇ ಡಿಸ್ಕು, ಹನ್ನೆರಡನೇ ಫೋಲ್ಡರು, ನಲವತ್ತೊಂದನೇ ನಿಮಿಷದಿಂದ ಅವ್ವ ಹಾಡುತ್ತಾಳೆ. ಹೆಣ್ಣೊಪ್ಪಿಸುವ ಹಾಡು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಸವಿತಾ ಕೇಳುತ್ತ ಕೂತದ್ದು, ಕಣ್ಣೀರು ಒರೆಸಿಕೊಳ್ಳದೆ ಹಾಗೇ ಬಿಟ್ಟದ್ದು ನೋಡಿದೆ. ಅವಳು ನಡುವೆ ಒಮ್ಮೆ, “ಕೇಳಣ್ಣಾ” ಅಂತ ಹೆಡ್‌ಫೋನು ನನ್ನ ಕಡೆ ಚಾಚಿದಳು. ಗಿರಾಕಿ ಬಂದರು, ಆಮೇಲೆ ಅಂದೆ.

ಅವತ್ತು ಸಂಜೆ ಅವಳು ಅವ್ವನ ಮುಂದೆ ಕುಕ್ಕರಗಾಲಿನಲ್ಲಿ ಕೂತು, “ಅವ್ವಾ, ನಿನ್ ಹಾಡು ಸಿಕ್ತು ಕಣವ್ವಾ. ಎಲ್ಲ ಅಜ್ಜೀರೂ ಬತ್ತಾರೆ, ಎಲ್ಲರ ಮುಂದೆ ಕೇಳಿಸ್ತೀನಿ” ಅಂದಳು. ಅವ್ವ ಎಡಗೈ ಎತ್ತಿ ಕಿವಿ ಮುಟ್ಟಿಕೊಂಡಳು. ಅಲ್ಲಿಂದ ಮುಂದೆ ದಿನಾ ಅದೊಂದು ಸನ್ನೆ. ಸವಿತಾ ಮನೆಯೊಳಗೆ ಬಂದರೆ ಅವ್ವ ಕಿವಿ ಮುಟ್ಟಿಕೊಳ್ಳುವಳು. ಇನ್ನೂ ಇಪ್ಪತ್ತು ದಿನ, ಇನ್ನೂ ಹದಿನೈದು ದಿನ ಅಂತ ಸವಿತಾ ಬೆರಳು ತೋರಿಸುವಳು.

ನನಗೆ ಹೊಟ್ಟೆ ಉರಿಯುತ್ತಿತ್ತು. ಅಷ್ಟೇ. ಇದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕಿದ್ದೇನೆ, ಸಿಗಲಿಲ್ಲ. ಅವ್ವನಿಗೆ ಗಂಜಿ ಕುಡಿಸುತ್ತಿದ್ದವನು ನಾನು, ಎತ್ತಿ ಕೂರಿಸುತ್ತಿದ್ದವನು ನಾನು. ನನ್ನನ್ನು ನೋಡಿ ಅವಳು ಒಮ್ಮೆಯೂ ಕಿವಿ ಮುಟ್ಟಿಕೊಳ್ಳಲಿಲ್ಲ. ಹಾಡು ಹಿಡಿದ ಕ್ಯಾಮೆರಾ ನನ್ನದು, ಡಿಸ್ಕು ನನ್ನದು. ಊರವರೆಲ್ಲ ಕೇಳುತ್ತಿದ್ದದ್ದು ಸವಿತಾ ಮೇಡಮ್ಮು ಎಲ್ಲಿ ಅಂತ.

ಒಂದು ದಿನ ಅನ್ವರ್ ಭಾಯಿ ಅಂಗಡಿಗೆ ಬಂದಿದ್ದ. ಹೊಸ ಮದುವೆಯ ವಿವರ ತುಂಬುವುದಿತ್ತು. ನಾನು ಕೀಲಿಮಣೆ ಮುಂದೆ ಕೂತೆ. ಸವಿತಾ ನಗುತ್ತ ನನ್ನನ್ನು ಪಕ್ಕಕ್ಕೆ ಸರಿಸಿ, “ಬುಡಣ್ಣಾ, ನಿಂಗಿದು ಆಗಲ್ಲ. ಏಳನೇ ಕ್ಲಾಸಿಗೆ ಇದು ಎಟುಕಲ್ಲ” ಅಂದಳು. ತಮಾಷೆಗೆ ಅಂದದ್ದು. ಅನ್ವರ್ ಭಾಯಿಯೂ ನಕ್ಕ. ನಾನೂ ನಕ್ಕೆ. ಯಾರು ಓದು ಬಿಟ್ಟದ್ದರಿಂದ ಯಾರು ಓದಿದ್ದು ಅಂತ ಕೇಳದೆ, ಎದ್ದು ಕ್ಯಾಮೆರಾ ಒರೆಸತೊಡಗಿದೆ.

ನಾಲ್ಕು ದಿನವಾದ ಮೇಲೆ ಹೊಸಹೊಳಲಿನ ಒಂದು ದೊಡ್ಡ ಮದುವೆ ಮುಗಿಸಿ ಬಂದೆ. ತಂದದ್ದನ್ನು ಮಾರನೇ ದಿನ ಡಿಸ್ಕಿಗೆ ಹಾಕಬೇಕು. ಆರನೇ ಡಿಸ್ಕಿನಲ್ಲಿ ಜಾಗ ಇತ್ತು. ನಾನು ನಾಲ್ಕನೆಯದನ್ನು ಎತ್ತಿಕೊಂಡೆ. ಹನ್ನೆರಡನೇ ಫೋಲ್ಡರು ತೆರೆದೆ. ಒಳಗಿದ್ದದ್ದನ್ನು ಅಳಿಸಿದೆ. ಹೊಸ ಮದುವೆ ಅದರೊಳಗೆ ತುಂಬಿದೆ. ‘ಫುಲ್’ ಅಂತ ಹೆಸರಿಟ್ಟೆ. ರೂಢಿಯಲ್ಲಿ ಕೈ ತಪ್ಪಿತು ಅಂತ ಬರೆಯಲು ಮನಸ್ಸು ಎಳೆಯುತ್ತದೆ. ಕೈ ತಪ್ಪಲಿಲ್ಲ. ಎದುರು ಗೋಡೆಯ ಮೇಲೆ ಅವಳ ಬರಹ ಇತ್ತು, ಅದನ್ನು ಓದಿಕೊಂಡೇ ಮಾಡಿದೆ. ಅವಳು ಹೇಗೂ ಒಂದು ಪ್ರತಿ ಮಾಡಿಟ್ಟುಕೊಂಡಿರುತ್ತಾಳೆ, ಒಂದೆರಡು ದಿನ ಒದ್ದಾಡಲಿ, ಅಣ್ಣಾ ಎಲ್ಲೋಯ್ತು ಅಂತ ನನ್ನ ಹತ್ತಿರ ಬರಲಿ. ನನಗೆ ಬೇಕಿದ್ದದ್ದು ಅಷ್ಟು.

ಪ್ರತಿ ಮಾಡಿರಲಿಲ್ಲ. ಅದು ನನಗೆ ಮಾರನೇ ದಿನವೇ ಗೊತ್ತಾಯಿತು. ಚಿಕ್ಕಣ್ಣನ ಡಿಸ್ಕುಗಳಿಂದ ಅಜ್ಜಿಯರು ಹಾಡುವಷ್ಟನ್ನು ಮಾತ್ರ ಅವಳು ಪ್ರತಿ ಮಾಡುತ್ತಿದ್ದಳು. ಅನ್ವರ್ ಭಾಯಿಯದು, ಕೆ.ಆರ್. ಪೇಟೆಯದು ಆಗಲೇ ಮುಗಿದಿತ್ತು. “ನಮ್ದು?” ಅಂತ ಕೇಳಿದೆ.

“ನಮ್ದು ಕೊನೇಲಿ ಮಾಡಿದ್ರಾಯ್ತು. ಬ್ಯಾರೆಯವ್ರು ಯಾವಾಗ ಅಳ್ಸಾಕ್ತಾರೋ ಅನ್ನೋ ಭಯ. ನಿನ್ ಹತ್ರ ಇದ್ರೆ ಅವ್ವನ ಪೆಟ್ಟಿಗೇಲಿ ಇದ್ದಂಗೆ.”

ಅವಾಗ ಹೇಳಬಹುದಿತ್ತು. ಅಜ್ಜಿಯರನ್ನು ಸೇರಿಸುವುದಕ್ಕೆ ಇನ್ನೂ ಒಂಬತ್ತು ದಿನ ಇತ್ತು. ಒಂಬತ್ತು ದಿನವೂ ಹೇಳಬಹುದಿತ್ತು.

ಪಾಂಡವಪುರದಲ್ಲಿ ಒಂದು ಛತ್ರದ ಹಾಲಿನಲ್ಲಿ ಮಧ್ಯಾಹ್ನ ಎಲ್ಲರೂ ಸೇರಿದರು. ನಾಲ್ಕೂ ಕಡೆಯ ಅಜ್ಜಿಯರು, ಅವರ ಸೊಸೆ ಮೊಮ್ಮಕ್ಕಳು, ಸವಿತಾಳ ಕಾಲೇಜಿನ ಮೇಷ್ಟ್ರು. ಅವ್ವನನ್ನು ನಾನೇ ಎತ್ತಿಕೊಂಡು ಬಂದು ಮೊದಲ ಸಾಲಿನ ಕುರ್ಚಿಯಲ್ಲಿ ಕೂರಿಸಿದೆ. ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ನಾಲ್ಕನೇ ಡಿಸ್ಕನ್ನು ಸವಿತಾಳ ಕೈಗೆ ಕೊಟ್ಟವನೂ ನಾನೇ.

ಮೊದಲು ಗಂಜಾಮಿನ ಅಜ್ಜಿಯ ಹೆಸರು ಒತ್ತಿದಳು. ಅನ್ವರ್ ಭಾಯಿ ತೆಗೆದ ಮುಖ, ಚಿಕ್ಕಣ್ಣನ ಡಿಸ್ಕಿನ ದನಿ, ಎರಡೂ ಒಟ್ಟಿಗೆ ಪರದೆ ಮೇಲೆ ಬಂದವು. “ಅಯ್, ನಾನ್ಯಾವಾಗ ಇಂಗೆ ಕಿರಿಚ್ಕಂಡಿದ್ನೇ!” ಅಂತ ಅಜ್ಜಿ ಕೂಗಿದಾಗ ಹಾಲೆಲ್ಲ ನಕ್ಕಿತು. ಇನ್ನೊಬ್ಬಳದು ಫೋಟೋ ಇರಲಿಲ್ಲ, ಬರೀ ದನಿ. ಮತ್ತೊಬ್ಬಳದು ಮಗ ಫೋನಿನಲ್ಲಿ ಕಳಿಸಿದ ಅರ್ಧ ಹಾಡು. ಯಾವುದೂ ಕೆಟ್ಟು ನಿಲ್ಲಲಿಲ್ಲ. ಮೇಷ್ಟ್ರು ಕುರ್ಚಿಯ ತುದಿಗೆ ಬಂದಿದ್ದರು.

“ಈಗ ನಮ್ಮವ್ವ” ಅಂದಳು ಸವಿತಾ.

ಅವ್ವ ಸೆರಗು ಸರಿಸಿ ಎಡಗೈಯಿಂದ ಕಿವಿ ಮುಟ್ಟಿಕೊಂಡಳು. ಕೆಂಪಮ್ಮ ಅನ್ನುವ ಹೆಸರನ್ನು ಸವಿತಾ ಒತ್ತಿದಳು. ನಾಲ್ಕನೇ ಡಿಸ್ಕು, ಹನ್ನೆರಡನೇ ಫೋಲ್ಡರು, ನಲವತ್ತೊಂದನೇ ನಿಮಿಷ. ಡಬಡಬ ಅಂತ ಡಿ.ಜೆ. ಸದ್ದು. ಕೂಲಿಂಗ್ ಗ್ಲಾಸು ಹಾಕಿದ ಮದುವೆ ಗಂಡಿನ ಗೆಳೆಯರು ಟವೆಲ್ಲು ತಿರುಗಿಸುತ್ತ, ಸಿಳ್ಳೆ ಹಾಕುತ್ತ ಕುಣಿಯುತ್ತಿದ್ದರು. ಒಬ್ಬ ಕ್ಯಾಮೆರಾಕ್ಕೆ ಸೊಂಟ ತಿರುಗಿಸಿದ. ಕೆಳಗೆ ಬಿಳೀ ಅಕ್ಷರದಲ್ಲಿ ಕೆಂಪಮ್ಮ, ಹೆಣ್ಣೊಪ್ಪಿಸುವ ಹಾಡು ಅಂತ ಬರೆದಿತ್ತು.

ಜನ ಬಿದ್ದು ಬಿದ್ದು ನಕ್ಕರು. ಅವ್ವ ನಗಲಿಲ್ಲ. ಅವಳು ಕಿವಿಯಿಂದ ಕೈ ತೆಗೆಯಲೇ ಇಲ್ಲ. ಇದು ಮುಗಿದ ಮೇಲೆ ತನ್ನದು ಬರುತ್ತದೆ ಅಂತ ಕಾಯುತ್ತಿದ್ದಳು. ಸವಿತಾ ನಿಲ್ಲಿಸಿ ಮತ್ತೆ ಒತ್ತಿದಳು. ಮತ್ತೆ ಅದೇ ಟವೆಲ್ಲು, ಅದೇ ಸೊಂಟ. ಮೂರನೇ ಸಲ ಒತ್ತಿದಾಗ ಯಾರೂ ನಗಲಿಲ್ಲ.

“ಏನಮ್ಮಾ ಇದು?” ಅಂದರು ಮೇಷ್ಟ್ರು.

ಅವಳು ತಿರುಗಿ ನನ್ನ ಮುಖ ನೋಡಿದಳು. ಬರೀ ಸಹಾಯಕ್ಕೆ ನೋಡಿದಳು ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ನಾನು ಎಲ್ಲರಿಗೂ ಕೇಳುವ ಹಾಗೆ ಅಂದೆ, “ನಂಬ್ರ ತಪ್ಪಾಗಿ ಬರ್ಕಂಡಿದ್ದೀಯ ಕಣೆ. ಓದ್ದೋರಿಗೂ ತಪ್ಪಾಯ್ತದೆ, ಬುಡು.”

ಮತ್ತೆ ನಕ್ಕರು. ಈ ಸಲ ಅವಳಿಗೆ.

ಅವ್ವನನ್ನು ಎತ್ತಿಕೊಂಡು ಮನೆಗೆ ತಂದೆ. ದಾರಿಯುದ್ದಕ್ಕೂ ಅವಳ ಎಡಗೈ ಕಿವಿಯ ಮೇಲೇ ಇತ್ತು.

ಅದಾದ ಮೇಲಿನದು ಇನ್ನೂ ಕೆಟ್ಟದ್ದು. “ಎಲ್ಲೋ ಬ್ಯಾರೆ ಡಿಸ್ಕಿಗೆ ಸೇರ್ಕಂಡಿರ್ಬೇಕು, ಕರ್ಕಂಡೋಗಣ್ಣಾ” ಅಂದಳು ಸವಿತಾ. ಕರೆದುಕೊಂಡು ಹೋದೆ. ನನ್ನ ಕೈಯಾರೆ ಅಳಿಸಿದ್ದನ್ನು ಹುಡುಕಲು ಅವಳನ್ನು ಹಿಂದೆ ಕೂರಿಸಿಕೊಂಡು ನಾಲ್ಕೂರು ತಿರುಗಿಸಿದೆ. ಮುಂಗಾರು ಹಿಡಿದಿತ್ತು. ಕೆ.ಆರ್. ಪೇಟೆಗೆ ಎರಡು ಸಲ, ನಾಗಮಂಗಲಕ್ಕೆ ಮೂರು ಸಲ. ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ದಿನ ಕರಿಘಟ್ಟದ ಹತ್ತಿರ ಮಳೆ ಜೋರಾಗಿ ಮರದಡಿ ನಿಂತೆವು. “ಅಣ್ಣಾ, ನಿಂಗೆ ಏನನ್ನಿಸ್ತದೆ? ಎಲ್ಲೋಗಿರ್ಬೋದು?” ಅಂತ ಕೇಳಿದಳು.

“ನಂಗೇನ್ ಗೊತ್ತು? ಏಳನೇ ಕ್ಲಾಸಿನೋನು” ಅಂದೆ.

ಮಳೆ ನಿಲ್ಲುವ ಮೊದಲೇ ಅವಳು ಬೈಕು ಹತ್ತಿ ಕೂತಳು. ಅವತ್ತು ಶ್ರೀರಂಗಪಟ್ಟಣದಲ್ಲಿ ಅನ್ವರ್ ಭಾಯಿ ನಾಲ್ಕನೇ ಡಿಸ್ಕನ್ನು ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ನೋಡಿದ. ಆಮೇಲೆ ನನ್ನನ್ನು ನೋಡಿದ. ಕಸುಬಿನವನಿಗೆ ಏನೂ ಹೇಳಬೇಕಾಗಿರಲಿಲ್ಲ. “ಒಂದರ ಮೇಲೆ ಒಂದು ಬಿದ್ಮೇಲೆ ಕೆಳಗಿಂದು ಬರಲ್ಲ ಬೇಟಿ” ಅಂದು, ಚಾ ತರಿಸುತ್ತೇನೆ ಅಂತ ಎದ್ದು ಹೋದ. ಅಲ್ಲಿಂದ ಮುಂದೆ ನನ್ನ ಜೊತೆ ಮದುವೆ ಹಂಚಿಕೊಳ್ಳಲಿಲ್ಲ.

ಆಷಾಢದಲ್ಲಿ ಅವ್ವ ಸತ್ತಳು. ಕಾಲೇಜಿನ ಕಡೆಯ ಪರೀಕ್ಷೆಗೆ ಮೇಷ್ಟ್ರು ಹೇಳಿ ಕಳಿಸಿದರೂ ಸವಿತಾ ಹೋಗಲಿಲ್ಲ. ತಿಥಿ ಮುಗಿದ ವಾರಕ್ಕೆ ಕಂಪ್ಯೂಟರನ್ನು ಚಿಕ್ಕಣ್ಣನ ಅಂಗಡಿಗೆ ಸಾಗಿಸಿ, ಅಲ್ಲೇ ಕೆಲಸಕ್ಕೆ ಸೇರಿದಳು. ಆಮೇಲೆ ಆ ಕಡೆಯ ಹಳ್ಳಿಗೇ ಮದುವೆಯಾದಳು. ಮದುವೆ ವಿಡಿಯೋ ಬೇಡ ಅಂದಳು. ನಾಚಿಕೆಗೆ ನನ್ನ ಮುಖ ನೋಡುತ್ತಿಲ್ಲ ಅಂದುಕೊಂಡೆ. ತನ್ನ ತಪ್ಪಿನ ನಾಚಿಕೆ ಅಂತ.

ಹೋದ ತಿಂಗಳು ನಾನು ಆ ಸ್ಟೂಲಿನ ಮೇಲೆ ಕೂತಿದ್ದಾಗ ಚಿಕ್ಕಣ್ಣ ಒಳಗೆ ಸಾಮಾನು ಕಟ್ಟುತ್ತಿದ್ದ. ನಾನು ಪರದೆ ಮೇಲೆ ಕೆಂಪಮ್ಮ ಅನ್ನುವ ಹೆಸರು ಒತ್ತಿದೆ. ಹಾಡು ಬರಲಿಲ್ಲ, ಬರೀ ಅಕ್ಷರ. ಅವ್ವನ ಮನೆಗೆ ಅವಳು ಹೊಸ ಕೋಣೆಗಳನ್ನು ಕಟ್ಟಿದ್ದಳು.

ನಂಬರು: ಖಾಲಿ. ಬೇರೆ ಯಾರಿಗೂ ಕೊಡಬಾರದು.

ಅಳಿಸಿದ ದಿನ: ಹೊಸಹೊಳಲು ಮದುವೆಯ ಮಾರನೇ ದಿನ.

ಡಿಸ್ಕು ಇದ್ದದ್ದು: ಅಣ್ಣನ ಹತ್ತಿರ.

ಅವ್ವನಿಗೆ ನಾನು ಹೇಳಿದ್ದು: ನನ್ನ ಕೈಯೇ ತಪ್ಪಿತು ಅಂತ.

ಪ್ರತಿ ಕೋಣೆಯ ಪಕ್ಕದಲ್ಲೂ ಅದನ್ನು ಕಟ್ಟಿದ ದಿನ ಇತ್ತು. ಎಲ್ಲವೂ ಒಂದೇ ದಿನದವು, ಅಜ್ಜಿಯರನ್ನು ಸೇರಿಸಿದ ದಿನದವು. ನಾನು ಎರಡು ಸಲ ಓದಿದೆ. ಫೋಲ್ಡರಿನ ತಾರೀಖು ನೋಡಿ ಅವತ್ತೇ ಎಲ್ಲ ಕಂಡುಕೊಂಡಿದ್ದಳು. ಮಳೆಯಲ್ಲಿ ನಾಲ್ಕೂರು ತಿರುಗಿದ್ದು ಅದಾದ ಮೇಲೆ. ಅವಳು ಹಾಡು ಹುಡುಕುತ್ತಿರಲಿಲ್ಲ. ನನ್ನ ಬೆನ್ನ ಹಿಂದೆ ಕೂತು, ಊರಿಂದೂರಿಗೆ, ನಾನು ಬಾಯಿ ಬಿಡಲಿ ಅಂತ ಕಾಯುತ್ತಿದ್ದಳು.

ಕೆಳಗೆ ಇನ್ನೊಂದು ಕೋಣೆ ಇತ್ತು. ‘ಅಣ್ಣ ಹೇಳಿದ್ದು’ ಅಂತ ಹೆಸರು. ಅದರ ಮುಂದೆ ಏನೂ ಇರಲಿಲ್ಲ. ಇಲ್ಲದ್ದಕ್ಕೆ ಕೋಣೆ ಕಟ್ಟದವಳು ಅದೊಂದನ್ನು ಖಾಲಿ ಕಟ್ಟಿಟ್ಟಿದ್ದಳು.

ಕಂಪ್ಯೂಟರನ್ನು ಬೈಕಿಗೆ ಕಟ್ಟಿಕೊಂಡು ಅವಳ ಹಳ್ಳಿಗೆ ಹೋದೆ. ಹಾಲಿನ ಡೇರಿಯಲ್ಲಿ ಕೆಲಸ ಅವಳಿಗೆ. ಬಿಸಿಲಲ್ಲಿ ಕ್ಯಾನು ತೊಳೆಯುತ್ತಿದ್ದಳು. ಪೆಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು.

“ನೋಡ್ದಾ?”

“ನೋಡ್ದೆ. ಆ ಕೋಣೆ ತುಂಬಕ್ಕೆ ಬಂದಿವ್ನಿ ಕಣವ್ವಾ.”

“ಅದು ಅವ್ವ ಇದ್ದಾಗ ಕಟ್ಟಿದ್ದು. ಅವ್ಳು ಇನ್ನೂ ಒಂದು ತಿಂಗ್ಳು ಬದುಕಿದ್ಲು. ದಿನಾ ನಂಗೆ ಮುಖ ತಿರುಗಿಸ್ಕಂಡು, ನಿನ್ ಕೈಲಿ ಗಂಜಿ ಕುಡಿದು ಸತ್ಲು.” ಅವಳ ದನಿ ಏರಲಿಲ್ಲ. “ಆ ಮನೇಲಿ ಈಗ ನಿಂಗೆ ಜಾಗ ಇಲ್ಲ. ನಿಂಗೆ ಬ್ಯಾರೆ ನಂಬ್ರ ಕೊಡ್ತೀನಿ.”

ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದಳು. ದನಿ ಹಿಡಿಯುವ ಗುಂಡಿ ಒತ್ತಿ ನನ್ನ ಬಾಯಿಯ ಹತ್ತಿರ ಹಿಡಿದಳು.

“ಯೋಳು.”

ನಾನು ಬಾಯಿ ತೆರೆದೆ. ಇಷ್ಟುದ್ದ ಬರೆದಿದ್ದೇನಲ್ಲ, ಇದರಲ್ಲಿ ಒಂದು ಮಾತೂ ಅವಾಗ ಹೊರಗೆ ಬರಲಿಲ್ಲ. ತುಟಿ ಅಲ್ಲಾಡಿತು, ನಾಲಿಗೆ ಏಳಲಿಲ್ಲ. ಅವ್ವನ ಬಾಯಿ ಹೇಗೆ ಅಲ್ಲಾಡುತ್ತಿತ್ತೋ ಹಾಗೇ ಇರಬೇಕು, ಸವಿತಾ ಒಂದು ಗಳಿಗೆ ಕಣ್ಣು ಬೇರೆ ಕಡೆ ಮಾಡಿದಳು. ಫೋನು ಮಾತ್ರ ತೆಗೆಯಲಿಲ್ಲ. ನಲ್ಲಿಯಿಂದ ನೀರು ಕ್ಯಾನಿನೊಳಗೆ ಬೀಳುತ್ತಿತ್ತು. ತುಂಬಿ ಹೊರಗೆ ಹರಿಯಿತು. ಆಮೇಲೆ ಅವಳು ಗುಂಡಿ ಒತ್ತಿ ನಿಲ್ಲಿಸಿದಳು.

“ಅಳ್ಸಾಕು, ಇನ್ನೊಂದ್ ಸಲ ಯೋಳ್ತೀನಿ” ಅಂದೆ. ಅಷ್ಟು ಹೊತ್ತಿಗೆ ಮಾತು ಬಂದಿತ್ತು.

“ನಾನು ಅಳ್ಸಲ್ಲ” ಅಂದಳು. ನಲ್ಲಿ ನಿಲ್ಲಿಸಿ, ಕ್ಯಾನು ಎತ್ತಿಕೊಂಡು ಒಳಗೆ ಹೋದಳು.

ಅವಳ ಹತ್ತಿರ ಈಗ ನನ್ನ ಹೆಸರಿನಲ್ಲೂ ಒಂದು ಮನೆ ಇರಬೇಕು. ಅದರಲ್ಲಿ ಒಂದೇ ಕೋಣೆ. ಒತ್ತಿದರೆ ಕ್ಯಾನಿಗೆ ನೀರು ಬೀಳುವ ಸದ್ದು ಕೇಳುತ್ತದೆ.